ಬೆಳಕಿನ ಸ್ಕ್ಯಾನು, ಲೇಸರಿನ ಚಿಕಿತ್ಸೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ಕಣ್ಣು ತೋರಿಸಿಕೊಳ್ಳಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಕೊಡಗಿನ ನಾನಾ ಊರುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಲೇಸರ್ ಎಂಬ ಒಂದೇ ಪದದ ಸುತ್ತ ಸುತ್ತುತ್ತಿವೆ. ಕೆಲವರಿಗೆ ಅದು ಎಲ್ಲ ರೋಗಕ್ಕೂ ಮದ್ದು, ಕೆಲವರಿಗೆ ಹೆಸರು ಕೇಳಿದರೇ ಭಯ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಬೆಳಕಿಗೇ ಮೀಸಲಿಟ್ಟಿದ್ದೇನೆ. ಕಣ್ಣಿನ ವೈದ್ಯಳಾದ ಕಾರಣ ನನ್ನ ಉತ್ತರಗಳು ಕಣ್ಣಿನ ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತವೆ. ಆದರೆ ವೈದ್ಯರು ಬೆಳಕನ್ನು ಹೆಚ್ಚಾಗಿ ಬಳಸುವ ಅಂಗಗಳಲ್ಲಿ ಕಣ್ಣೂ ಒಂದು.

ಪ್ರಶ್ನೆ: ನನ್ನ ಅವ್ವನಿಗೆ ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷವಾಯಿತು. ಕಣ್ಣು ಮಂಜಾಗುತ್ತಿದೆಯೆಂದು ಕರೆದುಕೊಂಡು ಹೋದಾಗ ಮೊದಲು ಓಸಿಟಿ ಎಂಬ ಸ್ಕ್ಯಾನ್, ಆಮೇಲೆ ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಫೋಟೊ, ಕೊನೆಗೆ ಮೂರು ಸಲ ಲೇಸರ್ ಮಾಡಿದರು. ಈಗ ಕಣ್ಣಿನೊಳಗೇ ಇಂಜೆಕ್ಷನ್ ಕೊಡಬೇಕು ಎನ್ನುತ್ತಿದ್ದಾರೆ. ಇಷ್ಟೆಲ್ಲ ಸ್ಕ್ಯಾನಿನ ವಿಕಿರಣ ಅವ್ವನಿಗೆ ತೊಂದರೆಯಲ್ಲವೇ? ಲೇಸರ್ ಮಾಡಿಸಿದ ಮೇಲೂ ದೃಷ್ಟಿ ಸುಧಾರಿಸಿಲ್ಲ. ಸಂಜೆಯಾದರೆ ಅಂಗಳದಲ್ಲಿ ಎಡವುತ್ತಾರೆ. ನಾವು ಮೋಸ ಹೋದೆವೇ?
ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಮೋಸ ಹೋಗಿಲ್ಲ. ಆದರೆ ಲೇಸರಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ನಿಮಗೆ ಮೊದಲೇ ಬಿಡಿಸಿ ಹೇಳಬೇಕಿತ್ತು. ನನ್ನ ಕೊಠಡಿಯಲ್ಲೂ ಜನಸಂದಣಿ ಹೆಚ್ಚಿದ ದಿನ ಈ ಮಾತು ಅರ್ಧಕ್ಕೇ ನಿಂತದ್ದುಂಟು. ಆದ್ದರಿಂದ ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ಮೊದಲು ಸ್ಕ್ಯಾನಿನ ವಿಷಯ. ಓಸಿಟಿಯಲ್ಲಿ ಎಕ್ಸ್-ರೇಯಂಥ ವಿಕಿರಣವಿಲ್ಲ. ಕಣ್ಣಿಗೆ ಕಾಣದ, ಕೆಂಪಿನಾಚೆಯ (ಅವಕೆಂಪು) ದುರ್ಬಲ ಬೆಳಕು ಮಾತ್ರ ಇರುತ್ತದೆ. ಅಕ್ಷಿಪಟಲಕ್ಕೆ, ಅಂದರೆ ಕಣ್ಣಿನ ಹಿಂಬದಿಯ ರೆಟಿನಾ ಪರದೆಗೆ, ಸಾಮಾನ್ಯವಾಗಿ 840 ನ್ಯಾನೊಮೀಟರಿನ ಆಸುಪಾಸಿನ ಅಲೆಯುದ್ದದ ಬೆಳಕನ್ನು ಬಳಸುತ್ತಾರೆ (ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ). ಎಷ್ಟು ಸಲ ಮಾಡಿಸಿದರೂ ಅವ್ವನ ದೇಹದಲ್ಲಿ ಏನೂ ಶೇಖರವಾಗುವುದಿಲ್ಲ.

ಅದು ಕೆಲಸ ಮಾಡುವ ರೀತಿಯನ್ನು ಕೊಡಗಿನವರಿಗೆ ವಿವರಿಸುವುದು ಸುಲಭ. ಮಳೆಗಾಲದ ಮುಂಜಾನೆ ಘಾಟಿಯಲ್ಲಿ ಮಂಜು ಕವಿದಾಗ ಜೀಪಿನ ಹೆಡ್‌ಲೈಟನ್ನು ಹೈಬೀಮಿಗೆ ಹಾಕಿದರೆ ರಸ್ತೆ ಕಾಣುವ ಬದಲು ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಮಂಜು ಬೆಳಕನ್ನು ನುಂಗುವುದಿಲ್ಲ, ದಿಕ್ಕು ತಪ್ಪಿಸಿ ಚದುರಿಸುತ್ತದೆ. ದೀಪ ಪ್ರಖರವಾದಷ್ಟೂ ಚದುರಿ ಕಣ್ಣಿಗೆ ರಾಚುವ ಬೆಳಕೇ ಹೆಚ್ಚು. ದೇಹವೂ ಹಾಗೆಯೇ. ರಾತ್ರಿ ಮೊಬೈಲಿನ ಟಾರ್ಚಿಗೆ ಬೆರಳನ್ನು ಒತ್ತಿ ಹಿಡಿದು ನೋಡಿ: ಬೆರಳು ಕೆಂಪಗೆ ಹೊಳೆಯುತ್ತದೆ, ಆದರೆ ಒಳಗಿನ ಮೂಳೆಯ ನೆರಳು ಕಾಣುವುದಿಲ್ಲ. ಹಸಿರು ಮತ್ತು ನೀಲಿ ಬೆಳಕನ್ನು ರಕ್ತ ನುಂಗಿಬಿಡುತ್ತದೆ. ಉಳಿದ ಕೆಂಪು ಬೆಳಕು ಒಳಗೆ ಹೋದರೂ ಚದುರಿ, ಎಲ್ಲಿಂದ ಬಂತೆಂಬ ಗುರುತನ್ನು ಕಳೆದುಕೊಂಡು ಹೊರಬರುತ್ತದೆ. ಡಿಕಾಕ್ಷನ್ನಿಗೂ ಹಾಲಿಗೂ ಇರುವ ವ್ಯತ್ಯಾಸವೇ ಇಲ್ಲಿಯದೂ: ಡಿಕಾಕ್ಷನ್ ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತದೆ, ಹಾಲು ಚದುರಿಸಿ ಬೆಳ್ಳಗೆ ಕಾಣುತ್ತದೆ. ನಮ್ಮ ಮೈಯಲ್ಲಿ ಇವೆರಡೂ ಬೆರೆತಿವೆ.

ಹೀಗೆ ಚದುರಿದ ಬೆಳಕಿನ ನಡುವೆ, ನೇರವಾಗಿ ಹೋಗಿ ನೇರವಾಗಿ ತಿರುಗಿಬಂದ ಅಲ್ಪ ಬೆಳಕನ್ನಷ್ಟೇ ಹೆಕ್ಕುವುದು ಓಸಿಟಿಯ ಕೆಲಸ. ಅಲ್ಟ್ರಾಸೌಂಡಿನಲ್ಲಾದರೆ ಶಬ್ದ ತಿರುಗಿಬರಲು ತೆಗೆದುಕೊಂಡ ಸಮಯವನ್ನು ಅಳೆದು ಆಳವನ್ನು ತಿಳಿಯುತ್ತಾರೆ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವುದರಿಂದ ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ಆಗುವ ಸಮಯದ ವ್ಯತ್ಯಾಸವನ್ನು ಯಾವ ಎಲೆಕ್ಟ್ರಾನಿಕ್ ಗಡಿಯಾರವೂ ನೇರವಾಗಿ ಅಳೆಯಲಾರದು. ಅದಕ್ಕಾಗಿ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಕಣ್ಣಿಗೂ ಇನ್ನೊಂದನ್ನು ಯಂತ್ರದೊಳಗಿನ ಕನ್ನಡಿಗೂ ಕಳುಹಿಸಿ, ಮರಳಿ ಬಂದ ಎರಡನ್ನೂ ಕೂಡಿಸುತ್ತಾರೆ. ಎರಡೂ ನಡೆದ ದಾರಿ ಬಹುಮಟ್ಟಿಗೆ ಸಮನಾಗಿದ್ದರೆ ಮಾತ್ರ ಅಲೆಗಳು ಒಂದರೊಡನೊಂದು ಕೂಡಿ ಗುರುತು ಮೂಡಿಸುತ್ತವೆ. ಅಡ್ಡದಾರಿ ಹಿಡಿದು ಬಂದ ಬೆಳಕು ಲೆಕ್ಕಕ್ಕೆ ಬರುವುದಿಲ್ಲ. ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ 1991ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಕಾಲು ಮಿಲಿಮೀಟರಿನಷ್ಟೇ ದಪ್ಪವಿರುವ ಅಕ್ಷಿಪಟಲದ ಒಂದೊಂದು ಪದರವನ್ನೂ ಇಂದು ನಾವು ಮುಟ್ಟದೆ, ಕೊಯ್ಯದೆ ಕೆಲವೇ ಸೆಕೆಂಡುಗಳಲ್ಲಿ ನೋಡುತ್ತೇವೆ. ಅವ್ವನ ರಿಪೋರ್ಟಿನಲ್ಲಿರುವ ಬೂದುಬಣ್ಣದ ಚಿತ್ರವನ್ನು ತೆಗೆದು ನೋಡಿ. ನಡುವೆ ಸಣ್ಣ ತಗ್ಗು ಇರಬೇಕಾದ ಜಾಗದಲ್ಲಿ ಉಬ್ಬು ಇದ್ದು, ಅದರೊಳಗೆ ಕಪ್ಪು ಗುಳ್ಳೆಗಳಂಥವು ಕಂಡರೆ ಅವು ಸೋರಿ ನಿಂತ ನೀರು. ಅಕ್ಷರ ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ದೃಷ್ಟಿ ಇರುವುದು ಆ ತಗ್ಗಿನಲ್ಲೇ. ಈಗ ಹೇಳಿರುವ ಇಂಜೆಕ್ಷನ್ ಬಹುತೇಕ ಈ ನೀರನ್ನು ಇಳಿಸುವುದಕ್ಕಾಗಿಯೇ ಇರಬೇಕು.

ಕೈಗೆ ಕೊಟ್ಟ ಬಣ್ಣದ ಹೆಸರು ಫ್ಲೋರೆಸೀನ್. ನೀಲಿ ಬೆಳಕು ಬಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ರಕ್ತನಾಳ ಎಲ್ಲಿ ಮುಚ್ಚಿದೆ, ಎಲ್ಲಿ ಸೋರುತ್ತಿದೆ ಎಂಬುದು ಆ ಹೊಳಪಿನಲ್ಲಿ ತಿಳಿಯುತ್ತದೆ. ಮಾರನೆಯ ದಿನದವರೆಗೆ ಮೂತ್ರ ಗಾಢ ಹಳದಿಯಾಗಿ ಹೋಗುವುದನ್ನು ಕಂಡು ಗಾಬರಿಯಾಗಬೇಕಿಲ್ಲ.

ಇನ್ನು ಲೇಸರ್. ಸಕ್ಕರೆಯಿಂದ ಸಣ್ಣ ರಕ್ತನಾಳಗಳು ಮುಚ್ಚಿಹೋದಾಗ ಅಕ್ಷಿಪಟಲದ ಅಂಚಿನ ಭಾಗಗಳು ಆಮ್ಲಜನಕಕ್ಕಾಗಿ ಹಸಿಯುತ್ತವೆ. ಹಸಿದ ಭಾಗ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಸೂಸಿ ಹೊಸ ನಾಳಗಳನ್ನು ಬೇಡುತ್ತದೆ. ಹಾಗೆ ಹುಟ್ಟುವ ನಾಳಗಳು ತೀರ ದುರ್ಬಲ. ಅವು ಒಡೆದರೆ ಕಣ್ಣಿನೊಳಗೆ ರಕ್ತ ತುಂಬಿ ಒಂದೇ ದಿನದಲ್ಲಿ ಕತ್ತಲಾಗಬಹುದು. ಆದ್ದರಿಂದ ವೈದ್ಯರು ಹಸಿರು ಲೇಸರಿನಿಂದ ಅಂಚಿನ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಚುಕ್ಕೆಗಳನ್ನು ಸುಟ್ಟು, ಆಮ್ಲಜನಕದ ಬೇಡಿಕೆಯನ್ನೇ ತಗ್ಗಿಸುತ್ತಾರೆ. ಅಷ್ಟನ್ನು ಒಂದೇ ದಿನ ಮಾಡಿದರೆ ಕಣ್ಣು ತಾಳುವುದಿಲ್ಲವೆಂದು ಸಾಮಾನ್ಯವಾಗಿ ಎರಡು ಮೂರು ಸರದಿಯಲ್ಲಿ ಮಾಡುತ್ತಾರೆ. ನಡುಭಾಗ ಉಳಿಯಲೆಂದು ಅಂಚನ್ನು ಬಿಟ್ಟುಕೊಡುವ ಚಿಕಿತ್ಸೆ ಇದು. ಮಬ್ಬು ಬೆಳಕಿನಲ್ಲಿ ನೋಡುವ ಕೋಶಗಳು ಅಂಚಿನಲ್ಲೇ ಹೆಚ್ಚಾಗಿರುವುದರಿಂದ ಅವ್ವ ಸಂಜೆ ಎಡವುತ್ತಿದ್ದಾರೆ. ಅಂಗಳದ ಮೆಟ್ಟಿಲಿಗೆ ಬಿಳಿ ಸುಣ್ಣದ ಪಟ್ಟಿ ಬಳಿಯಿರಿ, ಸಂಜೆ ಆರಕ್ಕೇ ದೀಪ ಹಾಕಿ.

ಬೆಳಕಿನಿಂದ ಅಕ್ಷಿಪಟಲವನ್ನು ಸುಟ್ಟು ಗುಣಪಡಿಸಬಹುದೆಂದು ತೋರಿಸಿದವರು ಜರ್ಮನಿಯ ಗೆರ್ಡ್ ಮೇಯರ್-ಶ್ವಿಕೆರಾತ್. 1945ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಕಣ್ಣು ಸುಟ್ಟುಕೊಂಡವರನ್ನು ಪರೀಕ್ಷಿಸಿದಾಗ ಅವರಿಗೆ ಈ ಯೋಚನೆ ಹೊಳೆಯಿತು. ಮೊದಲು ಸೂರ್ಯನ ಬೆಳಕನ್ನೇ ಕನ್ನಡಿಗಳಿಂದ ರೋಗಿಯ ಕಣ್ಣಿಗೆ ಹಾಯಿಸಿದರು. ಥಿಯೊಡೋರ್ ಮೈಮನ್ 1960ರ ಮೇ 16ರಂದು ಮೊದಲ ಲೇಸರನ್ನು ಬೆಳಗಿಸಿದ ಕೆಲವೇ ವರ್ಷಗಳಲ್ಲಿ ಅದು ಕಣ್ಣಿನ ಚಿಕಿತ್ಸೆಗೆ ಬಂತು. ಈ ಚಿಕಿತ್ಸೆಯಿಂದ ದೃಷ್ಟಿ ತೀವ್ರವಾಗಿ ಹೋಗುವ ಅಪಾಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂಬುದನ್ನು 1976ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ದೃಢಪಡಿಸಿತು. ತಗ್ಗುವುದು ಅಪಾಯ, ಹೋದ ದೃಷ್ಟಿ ಅದರಿಂದ ಮರಳಿ ಬರುವುದಿಲ್ಲ. ಆದ್ದರಿಂದಲೇ, ಚೆನ್ನಾಗಿ ಕಾಣುತ್ತಿರುವಾಗಲೇ ತಪಾಸಣೆಗೆ ಬನ್ನಿರೆಂದು ನಾನು ಪದೇಪದೇ ಬೇಡಿಕೊಳ್ಳುವುದು. ನಿಮಗೂ ಸಕ್ಕರೆ ಕಾಯಿಲೆ ಇದ್ದರೆ ಅವ್ವನ ಮುಂದಿನ ಭೇಟಿಯ ದಿನವೇ ನಿಮ್ಮ ಕಣ್ಣನ್ನೂ ತೋರಿಸಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಸುಕಾಗುವುದರಿಂದ ತಿರುವುಗಳ ರಸ್ತೆಯಲ್ಲಿ ನೀವೇ ಗಾಡಿ ಓಡಿಸಿಕೊಂಡು ಹಿಂದಿರುಗಬೇಡಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಎರಡು ವರ್ಷದ ಹಿಂದೆ ಲೇಸರ್‌ನಲ್ಲಿ ಪೊರೆ ತೆಗೆಸಿದ್ದೆವು. ಈಗ ಅದೇ ಕಣ್ಣಿನಲ್ಲಿ ಮತ್ತೆ ಪೊರೆ ಬಂದಿದೆ, ಲೇಸರ್ ಮಾಡಬೇಕು ಎನ್ನುತ್ತಾರೆ. ಮೊದಲ ಸಲ ಪೂರ್ತಿ ತೆಗೆದಿರಲಿಲ್ಲವೇ?
ಗೃಹಿಣಿ, ಸೋಮವಾರಪೇಟೆ

ಉತ್ತರ: ಮೊದಲ ಸಲ ತೆಗೆದದ್ದು ಲೇಸರಿನಿಂದಲ್ಲದೇ ಇರುವ ಸಾಧ್ಯತೆಯೇ ಹೆಚ್ಚು. ಹೊಲಿಗೆಯಿಲ್ಲದ ಪೊರೆ ಶಸ್ತ್ರಚಿಕಿತ್ಸೆಯನ್ನೆಲ್ಲ ನಮ್ಮ ಕಡೆ ಲೇಸರ್ ಆಪರೇಷನ್ ಎಂದೇ ಕರೆಯುವುದು ರೂಢಿಯಾಗಿದೆ, ಮತ್ತು ಆ ತಪ್ಪನ್ನು ತಿದ್ದಲು ನಾವು ವೈದ್ಯರು ಸಾಕಷ್ಟು ಶ್ರಮಿಸಿಲ್ಲ. ಫೇಕೋ ಎಂಬ ವಿಧಾನದಲ್ಲಿ ಪೊರೆಯನ್ನು ಪುಡಿಮಾಡುವುದು ಶ್ರವಣಾತೀತ ಶಬ್ದ; ಸೂಜಿಯ ತುದಿ ಸೆಕೆಂಡಿಗೆ ಸುಮಾರು 40 ಸಾವಿರ ಸಲ ಕಂಪಿಸುತ್ತದೆ. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಹಲ್ಲು ತೊಳೆಸಿಕೊಳ್ಳುತ್ತಿದ್ದಾಗ ಆ ಯಂತ್ರದ ಕಂಪನವನ್ನು ಗಮನಿಸಿ ರೂಪಿಸಿದ ವಿಧಾನ ಇದು, 1967ರಲ್ಲಿ ಪ್ರಕಟವಾಯಿತು. ಶಿಬಿರಗಳಲ್ಲಿ ಮಾಡುವ ಸಣ್ಣ ಗಾಯದ ಶಸ್ತ್ರಚಿಕಿತ್ಸೆಯಲ್ಲಿ ಅದೂ ಇಲ್ಲ, ಎಲ್ಲವೂ ಕೈಚಳಕ. ಫೆಮ್ಟೊ ಲೇಸರ್ ಎಂಬ ದುಬಾರಿ ವಿಧಾನ ಇರುವುದು ನಿಜ, ಆದರೆ ಅಲ್ಲಿಯೂ ಲೇಸರ್ ಗಾಯವನ್ನು ತೆರೆದು ಪೊರೆಯನ್ನು ತುಂಡರಿಸುತ್ತದೆಯೇ ಹೊರತು ಅದನ್ನು ಹೊರತೆಗೆಯುವುದು ಹೆಚ್ಚಾಗಿ ಫೇಕೋ ಯಂತ್ರವೇ.

ಈಗ ಆಗಿರುವುದು ಬೇರೆ. ಕಣ್ಣಿನ ಮಸೂರ ಒಂದು ತೆಳ್ಳನೆಯ ಚೀಲದೊಳಗಿರುತ್ತದೆ. ಪೊರೆಯಾದ ಮಸೂರವನ್ನು ತೆಗೆದು ಆ ಚೀಲದಲ್ಲೇ ಕೃತಕ ಮಸೂರವನ್ನು ಕೂರಿಸುತ್ತಾರೆ. ಚೀಲಕ್ಕೆ ಅಂಟಿಕೊಂಡು ಉಳಿದ ಕೆಲವು ಕೋಶಗಳು ತಿಂಗಳುಗಳಲ್ಲೋ ವರ್ಷಗಳಲ್ಲೋ ಬೆಳೆದು ಅದರ ಹಿಂಬದಿಯನ್ನು ಮಸುಕಾಗಿಸುತ್ತವೆ. ಇದು ವೈದ್ಯರ ಲೋಪವಲ್ಲ. ಇದಕ್ಕೆ ಮಾಡುವುದು ನಿಜವಾದ ಲೇಸರ್, ಯಾಗ್ ಎಂಬುದು. ತಂದೆಯವರು ಗಲ್ಲವನ್ನು ಯಂತ್ರದ ಆಸರೆಗೆ ಒರಗಿಸಿ ಕುಳಿತುಕೊಳ್ಳುತ್ತಾರೆ, ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತದೆ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸೆಕೆಂಡಿನ ಕೋಟಿಗಳಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನ ಒಂದೊಂದು ಮಿಡಿತವೂ ಚೀಲದ ಮೇಲೆ ಕಿರಿದಾದ ಕಿಡಿಯೆಬ್ಬಿಸಿ ಅದನ್ನು ಹರಿಯುತ್ತದೆ. ನಿಮ್ಮ ಸುಂಟಿಕೊಪ್ಪದ ನೆರೆಯವರ ಅವ್ವನಿಗೆ ಮಾಡಿದ ಹಸಿರು ಲೇಸರ್ ಸುಡುವ ಕೆಲಸ ಮಾಡಿದರೆ, ಇದು ಕತ್ತರಿಯ ಕೆಲಸ ಮಾಡುತ್ತದೆ. ಕಿಂಡಿ ತೆರೆದ ಮೇಲೆ ಸಾಮಾನ್ಯವಾಗಿ ಮತ್ತೆ ಮಾಡಬೇಕಾಗುವುದಿಲ್ಲ. ಆಮೇಲಿನ ದಿನಗಳಲ್ಲಿ ಕಣ್ಣಿನೊಳಗೆ ಮಿಂಚು ಹೊಡೆದಂತಾದರೆ ಅಥವಾ ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಪರೂಪಕ್ಕೆ ಅಕ್ಷಿಪಟಲ ಕಳಚಿಕೊಳ್ಳುವುದುಂಟು.

ಪ್ರಶ್ನೆ: ಮಗಳಿಗೆ ಹತ್ತೊಂಬತ್ತು. ಕನ್ನಡಕ ತೆಗೆಸಲು ಲಾಸಿಕ್ ಮಾಡಿಸಬೇಕೆಂದು ಹಟ ಹಿಡಿದಿದ್ದಾಳೆ. ಕಣ್ಣನ್ನು ಸುಡುತ್ತಾರಂತೆ, ಹೌದೇ?
ತಾಯಿ, ಗೋಣಿಕೊಪ್ಪಲು

ಉತ್ತರ: ಸುಡುವುದಿಲ್ಲ. ಲಾಸಿಕ್‌ನಲ್ಲಿ ಬಳಸುವ ಎಕ್ಸೈಮರ್ ಲೇಸರ್ 193 ನ್ಯಾನೊಮೀಟರಿನ ಅತಿನೇರಳೆ ಬೆಳಕು. ಒಂದೊಂದು ಮಿಡಿತಕ್ಕೂ ಕಾರ್ನಿಯಾದಿಂದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯಿಂದ, ಮಿಲಿಮೀಟರಿನ ನಾಲ್ಕು ಸಾವಿರದಲ್ಲೊಂದು ಭಾಗದಷ್ಟು ಪದರವನ್ನು ಆವಿಯಾಗಿಸಿ, ಅದರ ಪಕ್ಕದ ಪದರಕ್ಕೆ ಬಿಸಿ ತಾಗದಂತೆ ನಿಲ್ಲುತ್ತದೆ. ಈ ಗುಣವನ್ನು ಕಂಡುಹಿಡಿದವರಲ್ಲಿ ಒಬ್ಬರು ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್. 1981ರ ನವೆಂಬರ್ 27ರಂದು, ಹಿಂದಿನ ದಿನದ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯನ್ನು ಅವರು ಐಬಿಎಂ ಪ್ರಯೋಗಾಲಯಕ್ಕೆ ಒಯ್ದು ಅದರ ಮೇಲೆ ಈ ಲೇಸರ್ ಹಾಯಿಸಿದಾಗ, ಕರಕಲಿನ ಸುಳಿವೂ ಇಲ್ಲದ ನಯವಾದ ಗೀರು ಮೂಡಿತ್ತು. ಹಾಗೆಂದು ಅವಸರ ಬೇಡ. ಕನ್ನಡಕದ ನಂಬರ್ ಕನಿಷ್ಠ ಒಂದು ವರ್ಷ ಬದಲಾಗದೆ ನಿಂತಿರಬೇಕು, ಹತ್ತೊಂಬತ್ತಕ್ಕೆ ಅದು ಇನ್ನೂ ಏರುತ್ತಿರಬಹುದು. ಕಾರ್ನಿಯಾ ತೆಳ್ಳಗಿದ್ದರೆ ಮಾಡುವಂತೆಯೇ ಇಲ್ಲ. ನಾನಾಗಿದ್ದರೆ ಎರಡು ವರ್ಷ ಕಾಯಲು ಹೇಳುತ್ತಿದ್ದೆ.

ಪ್ರಶ್ನೆ: ಕೋವಿಡ್ ಸಮಯದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದೆ. ಮಳೆಗಾಲದಲ್ಲಿ ಅಜ್ಜಿಯ ಬೆರಳಿಗೆ ಹಾಕಿದರೆ ಒಮ್ಮೆ 84, ಐದು ನಿಮಿಷ ಬಿಟ್ಟು 96 ತೋರಿಸುತ್ತದೆ. ಯಾವುದನ್ನು ನಂಬಬೇಕು?
ಶಿಕ್ಷಕರು, ನಾಪೋಕ್ಲು

ಉತ್ತರ: ಅಜ್ಜಿಯ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ, ಅಲುಗಿಸದೆ ಇಟ್ಟು, ಅಂಕಿ ನಿಂತ ಮೇಲೆ ಓದಿ. ಈ ಸಾಧನ ಬೆರಳಿನ ಮೂಲಕ 660 ನ್ಯಾನೊಮೀಟರಿನ ಕೆಂಪು ಬೆಳಕನ್ನೂ 940ರ ಅವಕೆಂಪು ಬೆಳಕನ್ನೂ ಹಾಯಿಸುತ್ತದೆ. ಆಮ್ಲಜನಕ ಹೊತ್ತ ರಕ್ತ ಅವಕೆಂಪನ್ನು ಹೆಚ್ಚು ಹೀರುತ್ತದೆ, ಹೊರದ ರಕ್ತ ಕೆಂಪನ್ನು ಹೆಚ್ಚು ಹೀರುತ್ತದೆ. ನಾಡಿ ಮಿಡಿದಂತೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಶುದ್ಧ ರಕ್ತದ ಮಾಹಿತಿಯಷ್ಟೇ ಉಳಿಯುತ್ತದೆ ಎಂಬುದು ಜಪಾನಿನ ತಕುವೊ ಅಯೋಯಗಿಯವರ ಹೊಳಹು. 1974ರಲ್ಲಿ ಅವರು ಅದನ್ನು ಮುಂದಿಟ್ಟರು. ಇಡೀ ಜಗತ್ತು ಅವರ ಸಾಧನವನ್ನು ಬೆರಳಿಗೆ ಸಿಕ್ಕಿಸಿಕೊಂಡ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಕೈ ತಣ್ಣಗಾಗಿ ನಾಡಿ ಕ್ಷೀಣಿಸಿದರೆ ಸಾಧನ ತಡವರಿಸುತ್ತದೆ. ಉಗುರಿನ ಗಾಢ ಬಣ್ಣವೂ ತಪ್ಪಿಸುತ್ತದೆ. ಮೈಬಣ್ಣ ಕಪ್ಪಾಗಿರುವವರಲ್ಲಿ ಇರುವುದಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಕೈ ಬೆಚ್ಚಗಿದ್ದೂ ಅಂಕಿ ತೊಂಬತ್ತರ ಕೆಳಗೇ ನಿಂತರೆ ಆಸ್ಪತ್ರೆಗೆ ಕರೆದೊಯ್ಯಿರಿ.

ನೀವು ಕೇಳದ, ಆದರೆ ನಮ್ಮ ಜಿಲ್ಲೆಯಲ್ಲಿ ಪ್ರತಿ ಮನೆಯವರೂ ತಿಳಿದಿರಬೇಕಾದ ಒಂದು ವಿಷಯವಿದೆ. ಜೋರು ಮಳೆಯ ದಿನಗಳಲ್ಲಿ ಚಳಿಗೆಂದು ಕೋಣೆಯೊಳಗೆ ಇದ್ದಿಲ ಕೆಂಡ ಇಟ್ಟು, ಕಿಟಕಿ ಬಾಗಿಲು ಮುಚ್ಚಿ ಮಲಗುವವರಿದ್ದಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಕೂರುತ್ತದೆ. ಹಾಗೆ ಕೆಟ್ಟ ರಕ್ತ ಕೆಂಪು ಬೆಳಕಿನ ಮಟ್ಟಿಗೆ ಆಮ್ಲಜನಕ ಹೊತ್ತ ರಕ್ತದಂತೆಯೇ ಕಾಣುವುದರಿಂದ, ಮನುಷ್ಯ ಉಸಿರುಗಟ್ಟಿ ಸಾಯುತ್ತಿದ್ದರೂ ಆಕ್ಸಿಮೀಟರ್ 97 ಎಂದು ತೋರಿಸಬಹುದು. ಕೆಂಡವಿದ್ದ ಕೋಣೆಯಲ್ಲಿ ತಲೆನೋವು, ವಾಂತಿ, ತಲೆಸುತ್ತು, ಮಂಕು ಕಂಡರೆ ಆ ಅಂಕಿಯನ್ನು ನಂಬಬೇಡಿ. ಕೂಡಲೇ ಹೊರಗಿನ ಗಾಳಿಗೆ ಎತ್ತಿಕೊಂಡು ಬನ್ನಿ, ಆಸ್ಪತ್ರೆಗೆ ಕರೆದೊಯ್ದು ಕೆಂಡದ ವಿಷಯವನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ. ನಿಮ್ಮ ತರಗತಿಯ ಮಕ್ಕಳಿಗೂ ದಯವಿಟ್ಟು ಇದನ್ನು ಹೇಳಿಕೊಡಿ.

ಪ್ರಶ್ನೆ: ಮಿಂಚುಹುಳದ ಬೆಳಕೂ ವಿಜ್ಞಾನಿಗಳು ಜೀವಕೋಶ ಹೊಳೆಯುವಂತೆ ಮಾಡುವ ಬೆಳಕೂ ಒಂದೆಯೇ? ಸೂಕ್ಷ್ಮದರ್ಶಕದಲ್ಲಿ ಎಷ್ಟು ಚಿಕ್ಕದನ್ನು ನೋಡಬಹುದು?
ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಒಂದೇ ಅಲ್ಲ, ಮಗೂ. ಮುಂಗಾರಿಗೆ ಮುಂಚೆ ತೋಟದ ಮರಗಳಲ್ಲಿ ನೀನು ನೋಡುವ ಬೆಳಕನ್ನು ಹುಳ ತಾನೇ ತಯಾರಿಸಿಕೊಳ್ಳುತ್ತದೆ: ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಂದಿಗೆ ಸೇರಿದಾಗ, ಜೀವಕೋಶದ ಶಕ್ತಿಯಾದ ಎಟಿಪಿ ಖರ್ಚಾಗಿ ಅದು ಹುಟ್ಟುತ್ತದೆ. ಇನ್ನೊಂದು ಪ್ರತಿದೀಪ್ತಿ; ಹೊರಗಿನಿಂದ ಬೆಳಕು ಬಿದ್ದರೆ ಮಾತ್ರ ಬೇರೊಂದು ಬಣ್ಣದಲ್ಲಿ ಹಿಂತಿರುಗಿಸುವ ಗುಣ. ಒಸಾಮು ಶಿಮೊಮುರ 1962ರಲ್ಲಿ ಒಂದು ಜಾತಿಯ ಲೋಳೆಮೀನಿನಿಂದ ಬೇರ್ಪಡಿಸಿದ ಹಸಿರು ಪ್ರೋಟೀನ್ ಇಂಥದ್ದು. ಅದರ ವಂಶವಾಹಿಯನ್ನು ಬೇರೆ ಜೀವಿಗೆ ಸೇರಿಸಿದರೆ ನಮಗೆ ಬೇಕಾದ ಕೋಶ ಜೀವಂತವಾಗಿರುವಾಗಲೇ ಹಸಿರಾಗಿ ಹೊಳೆಯುತ್ತದೆ. ಶಿಮೊಮುರ, ಮಾರ್ಟಿನ್ ಚಾಲ್ಫಿ, ರೋಜರ್ ಚೆನ್ ಮೂವರಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಇದಕ್ಕೇ.

ಎರಡನೆಯ ಪ್ರಶ್ನೆ ಇನ್ನೂ ಸೊಗಸಾದದ್ದು. ಬೆಳಕು ಅಲೆಯಾದ್ದರಿಂದ ತನ್ನ ಅಲೆಯುದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಲಾರದೆಂದು ಎರ್ನ್ಸ್ಟ್ ಅಬೆ 1873ರಲ್ಲಿ ಹೇಳಿದರು. ಅಂದರೆ ಸುಮಾರು 200 ನ್ಯಾನೊಮೀಟರ್. ನೂರು ವರ್ಷಕ್ಕೂ ಮೀರಿ ಅದೇ ಕೊನೆಯ ಗಡಿಯೆಂದು ಎಲ್ಲರೂ ಒಪ್ಪಿದ್ದರು. ಸ್ಟೆಫಾನ್ ಹೆಲ್ ಒಪ್ಪಲಿಲ್ಲ. ಒಂದು ಲೇಸರಿನಿಂದ ಚಿಕ್ಕ ವೃತ್ತವನ್ನು ಹೊಳೆಯಿಸಿ, ಅದರ ಮೇಲೆ ಉದ್ದಿನವಡೆಯಾಕಾರದ ಇನ್ನೊಂದು ಲೇಸರ್ ಬಿಟ್ಟು ಸುತ್ತಲಿನ ಹೊಳಪನ್ನು ಆರಿಸಿದರೆ ವಡೆಯ ತೂತಿನಷ್ಟು ಜಾಗ ಮಾತ್ರ ಹೊಳೆಯುತ್ತದೆ. ಆ ತೂತನ್ನು ಅಬೆಯ ಗಡಿಗಿಂತ ಬಹಳ ಕಿರಿದಾಗಿಸಬಹುದು. ಬೇರೆ ದಾರಿಯಲ್ಲಿ ಅದೇ ಗಡಿಯನ್ನು ದಾಟಿದ ಎರಿಕ್ ಬೆಟ್ಜಿಗ್ ಮತ್ತು ವಿಲಿಯಂ ಮೋರ್ನರ್ ಅವರೊಂದಿಗೆ ಹೆಲ್ 2014ರ ನೊಬೆಲ್ ಹಂಚಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲೂ ಇಂಥ ಸೂಕ್ಷ್ಮದರ್ಶಕಗಳಲ್ಲಿ ಕೆಲಸ ನಡೆಯುತ್ತದೆ. ಭೌತಶಾಸ್ತ್ರ ಬೇಕೋ ಜೀವಶಾಸ್ತ್ರ ಬೇಕೋ ಎಂದು ನೀನು ಪತ್ರದ ಕೊನೆಗೆ ಕೇಳಿದ್ದೀಯೆ. ಈ ಕ್ಷೇತ್ರಕ್ಕೆ ಎರಡೂ ಬೇಕು. ಗಣಿತವನ್ನು ಮಾತ್ರ ಬಿಡಬೇಡ.

ಪ್ರಶ್ನೆ: ಮಡಿಕೇರಿ ದಸರಾದಲ್ಲಿ ಮಗನಿಗೆ ಹಸಿರು ಲೇಸರ್ ಟಾರ್ಚ್ ಕೊಡಿಸಿದ್ದೆ. ತಂಗಿಯ ಕಣ್ಣಿಗೆ ಹಿಡಿದು ಆಡುತ್ತಾನೆ. ಅಪಾಯವೇ?
ತಂದೆ, ಕುಶಾಲನಗರ

ಉತ್ತರ: ಇಂದೇ ಕಸಿದುಕೊಳ್ಳಿ. ಕಣ್ಣಿನ ಮಸೂರ ಲೇಸರನ್ನು ಅಕ್ಷಿಪಟಲದ ಮೇಲೆ ಒಂದು ಚುಕ್ಕೆಗೆ ಕೇಂದ್ರೀಕರಿಸುವಾಗ ಅದರ ತೀವ್ರತೆ ಒಂದು ಲಕ್ಷ ಪಟ್ಟಿನವರೆಗೆ ಹೆಚ್ಚುತ್ತದೆ. ಕಣ್ಣು ತಾನಾಗಿ ರೆಪ್ಪೆ ಮುಚ್ಚಿ ಪಾರಾಗಬಲ್ಲದ್ದು 1 ಮಿಲಿವಾಟ್‌ವರೆಗಿನ ಲೇಸರಿನಿಂದ. ಜಾತ್ರೆಯ ಟಾರ್ಚಿಗೆ ಅಂಟಿಸಿದ ಚೀಟಿಯಲ್ಲಿ ಏನೇ ಬರೆದಿದ್ದರೂ ಒಳಗಿರುವುದು ಅದರ ಹಲವು ಪಟ್ಟು ಇರಬಹುದು. ಅಗ್ಗದ ಹಸಿರು ಟಾರ್ಚುಗಳಲ್ಲಿ ಹಸಿರನ್ನು ಹುಟ್ಟಿಸುವ ಅವಕೆಂಪು ಬೆಳಕನ್ನು ತಡೆಯುವ ಫಿಲ್ಟರ್ ಇಲ್ಲದಿದ್ದರೆ ಕಣ್ಣಿಗೆ ಕಾಣದ ಆ ಬೆಳಕೂ ಜೊತೆಗೆ ಹೊರಬರುತ್ತದೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲದ ಕಾರಣ ಸುಟ್ಟರೂ ಮಗು ಅಳುವುದಿಲ್ಲ. ಮಗಳ ಒಂದೊಂದು ಕಣ್ಣನ್ನು ಬೇರೆಬೇರೆಯಾಗಿ ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸಿ ನೋಡಿ. ನಡುವೆ ಕಪ್ಪು ಚುಕ್ಕೆ ಇದೆಯೆಂದಾಗಲಿ, ಗೆರೆಗಳು ಸೊಟ್ಟಗಿವೆಯೆಂದಾಗಲಿ ಹೇಳಿದರೆ ತಡಮಾಡಬೇಡಿ. ಹೇಳದಿದ್ದರೂ ಈ ವಾರದೊಳಗೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದು ಓಸಿಟಿ ಮಾಡಿಸಿ. ಹಾಗೆ ಹೋಗುವಾಗ ಆ ಟಾರ್ಚನ್ನೂ ಜೊತೆಗೆ ಒಯ್ಯಿರಿ.